ಮಧ್ಯಾಹ್ನ ಮೂರಕ್ಕೆ ಬೀಗ ತೆಗೆದ ಮೇಸ್ತ್ರಿ

ಬೆಂಗಳೂರಿನಲ್ಲಿ ಮನೆ ಕೊಳ್ಳುವವರು ಮೋಸ ಹೋಗುವುದು ಬೆಳಗಿನ ತಂಪಿನಲ್ಲಿ. ಏಳಕ್ಕೆಲ್ಲ ವಾಸ್ತು ನೋಡುವವನನ್ನು ಕರೆತಂದು ಬಾಗಿಲು ಯಾವ ದಿಕ್ಕು, ಒಲೆ ಯಾವ ಮೂಲೆ ಎಂದು ಅಳೆಸುತ್ತಾರೆ. ನಸುಕಿನ ಮುಹೂರ್ತದಲ್ಲಿ ಹಾಲುಕ್ಕಿಸುತ್ತಾರೆ. ತಾರಸಿ ಕಾದಾಗ ಒಳಗೆ ಹೇಗಿರುತ್ತದೆ ಎಂದು ನೋಡಲು ಏಪ್ರಿಲ್ ಮಧ್ಯಾಹ್ನ ಒಬ್ಬನೂ ಬರುವುದಿಲ್ಲ. ಚಾಮರಾಜಪೇಟೆಯ ಗಾರೆ ಮೇಸ್ತ್ರಿ ಚಲುವರಾಜುಗೆ ಇದು ಮೂವತ್ತು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ.

ಅವನ ತಾತ ಸುಣ್ಣ, ಇಟ್ಟಿಗೆ ಪುಡಿ, ಬೆಲ್ಲದ ನೀರು ಕಲಸಿ ಗೇಣು ದಪ್ಪ ತಾರಸಿ ಬಡಿಯುತ್ತಿದ್ದವನು. ಅದರಡಿ ಫ್ಯಾನಿಲ್ಲದೆ ಮಲಗಬಹುದಿತ್ತು. ಮೊಮ್ಮಗನ ಕಾಲಕ್ಕೆ ಐದಿಂಚು ಕಾಂಕ್ರೀಟು ಬಂತು. ಮೇಲೆ ಏನೂ ಹಾಸದಿದ್ದರೆ ಅದು ಬರೀ ಕಾವಲಿ.

ಎನ್.ಆರ್. ಕಾಲೋನಿಯಲ್ಲಿ ನಾರಾಯಣಪ್ಪ ಎಂಬ ಬಿಲ್ಡರ್ ಹಳೇ ಮನೆಯೊಂದನ್ನು ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿದ. ಕೆಲಸ ಚಲುವರಾಜುವಿನದು. ಕರೆಂಟು ಉಳಿಸುವ ನಿಯಮದಂತೆ ಪ್ಲಾನಿನಲ್ಲಿ ತಾರಸಿಗೆ ಶಾಖ ತಡೆಯುವ ಪದರ, ಮೇಲೆ ಬಿಳಿ ಟೈಲ್ಸು, ಪಡುವಣ ಕಿಟಕಿಗಳಿಗೆ ಬಿಸಿಲು ತಡೆಯುವ ಅಗಲ ಸಜ್ಜ ಇದ್ದವು. ನಾರಾಯಣಪ್ಪ ಮೂರನ್ನೂ ಕೈಬಿಟ್ಟ.

“ಕಾಣ್ದೇ ಇರೋದನ್ನ ಯಾರಯ್ಯ ಕೇಳ್ತಾರೆ? ಬಾಗಿಲಿಗೆ ತೇಗ ಹಾಕು, ಅದು ಕಾಣುತ್ತೆ.”

“ಸಾರ್, ನಿಮ್ ಹಿಂದಿನ್ ಬಿಲ್ಡಿಂಗಲ್ಲೂ ಹಿಂಗೇ ಬಿಟ್ವಿ. ತಾರಸಿ ಕಾದು ಬಿರುಕು ಬಿಟ್ಟು ಎರಡು ಸಲ ರಿಪೇರಿ ಮಾಡಿದ್ವಿ. ಮಲ್ಲೇಶ್ವರದಲ್ಲಿ ಆ ಬಿಲ್ಡರ್ ಅಭಿನಂದನ್ ರೂಲ್ಸ್ ಪ್ರಕಾರ ಕಟ್ಟಿದ, ಬಣ್ಣ ಬಳಿಯೋಕ್ ಮುಂಚೆ ಎಲ್ಲಾ ಮನೆ ಹೋಯ್ತು. ತಗೊಂಡೋರೇ ನೆಂಟರನ್ನ ಕಳಿಸ್ತಿದಾರೆ.”

“ನಿಂಗೆ ಕೊಟ್ಟಿರೋದು ಕರಣೆ. ಮೈಕ್ ಅಲ್ಲ.”

ಚಲುವರಾಜು ಹೇಳಿದಂತೆ ಬರೀ ಸ್ಲ್ಯಾಬ್ ಹಾಕಿದ.

ಮೇಲಿನ ಮನೆ ನೋಡಲು ಅಂಜಮ್ಮ ಬಂದಳು. ಅವನ ಬೀದಿಯವಳೇ, ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತಳಾದವಳು. ಗಂಡ ಶ್ರೀನಿವಾಸಯ್ಯನಿಗೆ ಪಾರ್ಶ್ವವಾಯು ಹೊಡೆದು ಎದ್ದು ಕೂರಲೂ ಆಗದು. ಲಿಫ್ಟ್ ಇದೆ, ಗಾಳಿ ಬೆಳಕು ಇದೆ ಎಂದು ಪಡುವಣದ ಕೋಣೆಯನ್ನು ಅವನಿಗೆಂದೇ ಗೊತ್ತುಮಾಡಿದಳು. ಮೂರು ಸಲ ಬಂದಿದ್ದಳು, ಮೂರೂ ಸಲ ಬೆಳಗ್ಗೆ.

“ನೀನ್ ಕಟ್ಟಿರೋದು ಚಲುವಾ. ನೀನ್ ಹೂಂ ಅಂದ್ರೆ ಶುಕ್ರವಾರ ಅಡ್ವಾನ್ಸ್ ಕೊಟ್ಬಿಡ್ತೀನಿ.”

ಆ ಕೋಣೆಯಲ್ಲಿ, ಹೊರಳಲಾರದ ಮನುಷ್ಯ, ಮೇ ತಿಂಗಳು. ಚಲುವರಾಜು ಎರಡು ದಿನ ಲೆಕ್ಕ ಹಾಕಿದ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಮುದುಕ ಬೇಯುತ್ತಾನೆ. ಗುರುವಾರ ಅವಳ ಬಾಗಿಲಿಗೆ ಹೋದ.

“ಅಕ್ಕಾ, ಇವತ್ತು ಮಧ್ಯಾಹ್ನ ಮೂರಕ್ಕೆ ಬಾ.”

“ರಾಹುಕಾಲ ಕಣೋ ಅದು, ಒಂದೂವರೆಯಿಂದ ಮೂರು.”

“ಮುಗಿದಿರುತ್ತೆ. ಬಾ.”

ಅವಳು ಬಂದಳು. ಅವನು ಬೀಗ ತೆಗೆದು, ಪಡುವಣದ ಕೋಣೆಯಲ್ಲಿ ಅವಳ ಅಂಗೈಯನ್ನು ಗೋಡೆಗೆ ಒತ್ತಿಸಿದ. ಕೈ ಹಿಂದಕ್ಕೆ ಚಿಮ್ಮಿತು.

“ಥೂ, ಇಲ್ಲಿ ಹಪ್ಪಳ ಒಣಗಿಸ್ಬೋದಲ್ಲೋ!”

ಪ್ಲಾನಿನಲ್ಲಿ ಇದ್ದದ್ದು, ಕಟ್ಟದೆ ಬಿಟ್ಟದ್ದು, ಹಿಂದಿನ ಬಿಲ್ಡಿಂಗಿನಲ್ಲೂ ಹೀಗೇ ಮಾಡಿದ್ದು, ಎಲ್ಲವನ್ನೂ ಅವನು ಹೇಳಿದ. ಅಷ್ಟರಲ್ಲಿ ನಾರಾಯಣಪ್ಪ ಮೆಟ್ಟಿಲೇರಿ ಬಂದು ಬಾಗಿಲಲ್ಲಿ ನಿಂತಿದ್ದ.

“ಅನ್ನ ಹಾಕ್ದೋನ್ ಹೊಟ್ಟೆಗೇ ಹೊಡೀತೀಯೇನಯ್ಯ? ಅಮ್ಮಾ, ಒಂದು ಎಸಿ ಹಾಕಿದ್ರೆ ಎಲ್ಲಾ ಸರಿ ಹೋಗುತ್ತೆ.”

“ಕರೆಂಟ್ ಬಿಲ್ಲು ನೀವ್ ಕಟ್ತೀರಾ? ಪ್ಲಾನಲ್ಲಿ ಇರೋದನ್ನ ಹಾಕ್ಸಿ, ನಾಳೆನೇ ಬರ್ತೀನಿ,” ಎಂದಳು ಅಂಜಮ್ಮ.

ನಾರಾಯಣಪ್ಪ ಮೇಸ್ತ್ರಿಯಿಂದ ಬೀಗದ ಕೈ ಕಿತ್ತುಕೊಂಡು, ನಾಳೆಯಿಂದ ಬರಬೇಡ ಎಂದ.

ಕೆಳಗಿಳಿದು ಬೀದಿಗೆ ಬಂದ ಮೇಲೆ ಅಂಜಮ್ಮ ನಿಂತಳು. “ಹಿಂದಿನ್ ಬಿಲ್ಡಿಂಗಲ್ಲಿ ಮೇಲಿನ್ ಮನೆ ತಗೊಂಡೋರಿಗೆ ಹೇಳಿದ್ಯಾ?”

“ಇಲ್ಲಕ್ಕ.”

“ಅವ್ರು ನಮ್ ಬೀದಿಯೋರಲ್ಲ ಅಂತಾನಾ?”

ಚಲುವರಾಜು ಮರುದಿನ ಮಧ್ಯಾಹ್ನ ಮೂರಕ್ಕೆ ಆ ಬಿಲ್ಡಿಂಗಿನ ಮೇಲಿನ ಮಹಡಿಗೆ ಹತ್ತಿ ಬಾಗಿಲು ಬಡಿದ. ಒಳಗೆ ಕಿಟಕಿಗಳಿಗೆಲ್ಲ ಒದ್ದೆ ಸೀರೆ ಕಟ್ಟಿದ್ದರು. ಬಾಗಿಲು ತೆಗೆದ ಹೆಂಗಸಿನ ಕುತ್ತಿಗೆಯ ಮೇಲೆ ಬೆವರುಸಾಲೆ ಕೆಂಪಗೆ ಎದ್ದಿತ್ತು.

“ಯಾರು ಬೇಕಿತ್ತು?”

“ಈ ಮನೆ ಕಟ್ಟಿದ ಮೇಸ್ತ್ರಿ ಕಣಮ್ಮ ನಾನು. ಒಂದು ವಿಷ್ಯ ಹೇಳ್ಬೇಕಿತ್ತು.”

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ದಾರಿ ಬಿಟ್ಟು, ಫ್ಯಾನ್ ಆರಿಸಿ, ಕೋಣೆಯ ನಡುವೆ ಒಂದು ಕುರ್ಚಿ ಎಳೆದು ಹಾಕಿದಳು.

“ಮೊದ್ಲು ಅರ್ಧ ಗಂಟೆ ಇಲ್ಲಿ ಕೂತ್ಕೊಳ್ಳಿ. ಆಮೇಲೆ ಹೇಳಿ.”