ಅತ್ತೆ ಗುಡ್ಡ ಹತ್ತಿದ ಶುಕ್ರವಾರ

ನಮ್ಮ ಮನೆಯಲ್ಲಿ ದಿನ ಶುರುವಾಗುವುದು ಅತ್ತೆಯ ಮಂಡಿಯಿಂದ. ಕಾಫಿಗೆ ಇಟ್ಟ ನೀರು ಕುದಿಯುವುದರೊಳಗೆ ಎಣ್ಣೆ ಬಿಸಿ ಮಾಡಿ ಎರಡೂ ಮಂಡಿಗೆ ತಿಕ್ಕಬೇಕು. ತಿಕ್ಕಿಸಿಕೊಂಡು ಅವರು ಮಂಚ ಹಿಡಿದು ಏಳುತ್ತಾರೆ, ಎದ್ದು ನಿಂತು "ದೇವರ ದಯ" ಎನ್ನುತ್ತಾರೆ. ಎಣ್ಣೆಯ ಮಾತಿಲ್ಲ. ನನ್ನ ಮಾತಂತೂ ಇಲ್ಲವೇ ಇಲ್ಲ.

ಮಂಡಿ ಸವೆದಿದೆ, ಕೋಲು ಹಿಡಿದೇ ನಡೆಯಬೇಕು ಎಂದು ಮೂಡಿಗೆರೆಯ ಡಾಕ್ಟರು ಹೇಳಿದ್ದರು. ಬರುವಾಗಲೇ ತುದಿಗೆ ರಬ್ಬರ್ ಇರುವ ಒಳ್ಳೆಯ ಕೋಲು ತಂದೆವು. ಅದರಲ್ಲಿ ಅತ್ತೆ ಪಕ್ಕದ ಮನೆಯ ಕೋಳಿ ಓಡಿಸುತ್ತಾರೆ, ನುಗ್ಗೆಕಾಯಿ ಬೀಳಿಸುತ್ತಾರೆ, ತಂತಿಯ ಮೇಲಿನ ಬಟ್ಟೆ ಎಳೆಯುತ್ತಾರೆ. ನಡೆಯುವುದಕ್ಕೆ ಮಾತ್ರ ಅದನ್ನು ಮುಟ್ಟುವುದಿಲ್ಲ.

"ಕೋಲು ಹಿಡಿದ್ರೆ, ದೇವರೇ ನೀನು ಸಾಲ್ದು ಅಂತ ಹೇಳಿದ ಹಾಗೆ" ಎನ್ನುವುದು ಅವರ ವಾದ.

ನಾನೂ ನಂಬುವವಳೇ. ಜಪಸರ ಹೇಳದೆ ಮಲಗಿದವಳಲ್ಲ. ಆದರೆ ನಾನು ನಂಬುವ ದೇವರು ಒಂದು ಕೋಲು ಕಂಡು ಮುನಿಸಿಕೊಳ್ಳುವವರಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಅಷ್ಟೇ.

ನಮ್ಮ ಚರ್ಚು ಇರುವುದು ಬಾಳೂರಿನ ಕಡೆ. ಅದರ ಹಿಂದಿನ ಗುಡ್ಡದಲ್ಲಿ, ಕಾಫಿ ತೋಟದ ದಾರಿಯುದ್ದಕ್ಕೂ, ಯೇಸು ಶಿಲುಬೆ ಹೊತ್ತು ನಡೆದ ಹಾದಿಯ ಒಂದೊಂದು ಸ್ಥಳಕ್ಕೂ ಒಂದೊಂದು ಗುರುತು ನೆಟ್ಟಿದ್ದಾರೆ. ಶುಭ ಶುಕ್ರವಾರ ದೊಡ್ಡ ಶಿಲುಬೆಯನ್ನು ಸರದಿಯಲ್ಲಿ ಹೊತ್ತು ಪ್ರಾರ್ಥಿಸುತ್ತಾ ನೆತ್ತಿಯವರೆಗೆ ಹೋಗುತ್ತೇವೆ. ಹೋದ ವರ್ಷ ಅತ್ತೆ ಅರ್ಧದಲ್ಲೇ ಕುಸಿದು ಕೂತಿದ್ದರು. ಮೈಕ್ ಸೆಟ್ ತಂದಿದ್ದ ಜೀಪಿನಲ್ಲಿ ಕೆಳಗಿಳಿಸಿದೆವು. ಮನೆಗೆ ಬಂದವರು ಗಂಜಿಯನ್ನೂ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿ, "ದೇವರಿಗೆ ನಾನು ಬೇಡವಾದೆ" ಎಂದು ಅತ್ತರು. ಆ ಅಳು ಕೇಳಿದವಳು ನಾನೊಬ್ಬಳೇ.

ಈ ವರ್ಷ ಶುಭ ಶುಕ್ರವಾರಕ್ಕೆ ಮುಂಚಿನ ಗರಿಗಳ ಭಾನುವಾರ ಚರ್ಚಿನ ಅಂಗಳದಲ್ಲಿ, ಎಲ್ಲರೂ ಕೇಳುವ ಹಾಗೆ, "ಈ ಸಲ ದೇವರು ನನ್ನ ನಡೆಸಿಕೊಂಡೇ ಮೇಲೆ ಕರ್ಕೊಂಡು ಹೋಗ್ತಾರೆ, ನೋಡ್ತಾ ಇರಿ" ಎಂದುಬಿಟ್ಟರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮಂಡಿ ನೋವಿಗೆ ನನ್ನ ಹತ್ತಿರ ಎಣ್ಣೆ ಇತ್ತು. ಅವರು ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದರೆ ಯಾವ ಎಣ್ಣೆ ತಿಕ್ಕಲಿ?

ಶುಕ್ರವಾರ ಬೆಳಿಗ್ಗೆ ನೋವಿನ ಗುಳಿಗೆ ಕೊಟ್ಟೆ. "ಇವತ್ತು ಉಪವಾಸ" ಎಂದರು.

"ಗುಳಿಗೆ ಊಟ ಅಲ್ಲ ಅತ್ತೆ."

"ನುಂಗಿದ್ದೆಲ್ಲ ಊಟವೇ."

ಗುಡ್ಡದ ಬುಡದಲ್ಲಿ ಫಾದರ್, "ಅಮ್ಮ, ನೀವು ಮೈಕಿನ ಜೊತೆ ಜೀಪಲ್ಲಿ ಬನ್ನಿ" ಎಂದರು.

"ಮೈಕಿಗೆ ಕಾಲಿಲ್ಲ ಫಾದರ್, ಅದು ಜೀಪಲ್ಲಿ ಬರ್ಲಿ. ನಂಗೆ ದೇವರು ಎರಡು ಕೊಟ್ಟಿದಾರೆ."

ಕಾಫಿಗೆ ಬೇಕಾದ ಹೂಮಳೆ ಸರಿಯಾಗಿ ಬಿದ್ದಿತ್ತು. ತೋಟವೆಲ್ಲ ಬೆಳ್ಳಗೆ ಹೂಬಿಟ್ಟು ಪರಿಮಳ ತಲೆಗೇರುತ್ತಿತ್ತು. ಆ ಚೆಂದ ನೋಡುವ ಪುಣ್ಯ ನನಗಿರಲಿಲ್ಲ, ನನ್ನ ಕಣ್ಣೆಲ್ಲ ಅತ್ತೆಯ ಪಾದದ ಮೇಲೆ. ಹೊಲದಿಂದ ಬರುತ್ತಿದ್ದವನೊಬ್ಬನ ಮೇಲೆ ಸೈನಿಕರು ಯೇಸುವಿನ ಶಿಲುಬೆ ಹೊರಿಸಿದ್ದನ್ನು ನೆನೆಯುವ ಐದನೇ ಸ್ಥಳಕ್ಕೆ ಬರುವಾಗಲೇ ಅವರ ಮುಖ ಕಪ್ಪಿಟ್ಟಿತ್ತು. ಕೈ ಚಾಚಿದೆ. ಕೊಡವಿದರು.

"ಯೇಸುಸ್ವಾಮಿಗೇ ಇಲ್ಲಿ ಇನ್ನೊಬ್ಬರ ಸಹಾಯ ಬೇಕಾಯ್ತು. ನಿಮಗೇನು ದೊಡ್ಡಸ್ತಿಕೆ?" ಎಂದು ಪಿಸುಗುಟ್ಟಿದೆ.

"ಅವರು ಕೇಳಿದ್ರಾ? ಸೈನಿಕರು ಹೊರಿಸಿದ್ದು" ಎಂದರು ಅತ್ತೆ. ಉಸಿರು ಕಟ್ಟುತ್ತಿದ್ದರೂ ಬಾಯಿಗೇನೂ ಆಗಿರಲಿಲ್ಲ.

ಕಡಿದಾದ ಏರು ಶುರುವಾಗುವ ಕಡೆ ಹೆಂಗಸರ ಸರದಿ ಬಂತು. ಶಿಲುಬೆ ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಮರದ್ದು, ಹಗುರ ಏನಲ್ಲ. ನಾನು ಮತ್ತು ಪಕ್ಕದ ಮನೆಯಾಕೆ, ಅದೇ ಕೋಳಿಯ ಯಜಮಾನಿ, ಮುಂದೆ ಹೆಗಲು ಕೊಟ್ಟೆವು. ಹಿಂದಿನ ತುದಿ ನೆಲಕ್ಕೆ ಉಜ್ಜುತ್ತಾ ಬರುತ್ತಿತ್ತು. ತುಸು ದೂರ ಹೋಗುವಷ್ಟರಲ್ಲಿ ಅದು ಇದ್ದಕ್ಕಿದ್ದಂತೆ ಭಾರವಾಯಿತು.

"ಎಂತ ಮಾರಾಯ್ತಿ ಇದು, ಬೇರು ಬಿಟ್ಟಿತಾ?" ಎಂದಳು ಅವಳು.

ತಿರುಗಿ ನೋಡಿದರೆ ಅತ್ತೆ! ನಮ್ಮ ಹಿಂದೆಯೇ ಶಿಲುಬೆಯ ಮರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಜೋತುಬಿದ್ದಿದ್ದಾರೆ.

"ಅತ್ತೆ, ಎಂತ ಮಾಡ್ತಿದೀರಿ?"

"ಕಾಣಲ್ವಾ? ಶಿಲುಬೆ ಹೊರ್ತಿದೀನಿ. ಮುಂದೆ ನೋಡಿ ನಡಿ."

"ಹೊರೋದಾ? ನಮ್ಮನ್ನೇ ಹಿಂದಕ್ಕೆ ಎಳೀತಿದಾರೆ!" ಎಂದು ಪಕ್ಕದಾಕೆ ಗೊಣಗಿದಳು.

ಮುಂದಿನ ಸ್ಥಳದಲ್ಲಿ ಬೇರೆ ಹೆಂಗಸರು ಹೆಗಲು ಬದಲಿಸಲು ಬಂದರು. ನಾನು ಕೊಡಲಿಲ್ಲ. ಕೊಟ್ಟರೆ ಶಿಲುಬೆ ಕೈ ಬದಲಾಗುತ್ತದೆ, ಅತ್ತೆ ಹಿಡಿತ ಬಿಡಬೇಕಾಗುತ್ತದೆ, ಬಿಟ್ಟರೆ ಅಲ್ಲೇ ಕೂರುತ್ತಾರೆ. ಪಕ್ಕದಾಕೆ ನನ್ನ ಮುಖ ನೋಡಿದಳು, ಹಿಂದೆ ನೋಡಿದಳು, "ಕೋಳಿ ಓಡಿಸೋ ಕೈ ಅಲ್ವಾ, ಗಟ್ಟಿ ಇದೆ" ಎಂದು ಹಲ್ಲು ಕಚ್ಚಿ ಅವಳೂ ಹಾಗೇ ನಡೆದಳು. ಜನ ಜಪ ಹೇಳುತ್ತಿದ್ದರು. ನಾನು ಪ್ರತಿ ಹೆಜ್ಜೆಗೂ ಅತ್ತೆಯನ್ನು ಮನಸ್ಸಿನಲ್ಲೇ ಬಯ್ಯುತ್ತಾ, ನಡುನಡುವೆ "ದೇವರೇ, ಕೈಬಿಡಬೇಡ" ಎನ್ನುತ್ತಾ ಹತ್ತಿದೆ.

ನೆತ್ತಿಯಲ್ಲಿ ಗಂಡಸರು ಶಿಲುಬೆ ತೆಗೆದುಕೊಂಡು ಗುಂಡಿಯಲ್ಲಿ ನೆಟ್ಟರು. ಎಲ್ಲರೂ ಮೊಣಕಾಲೂರಿದೆವು. ಊರಲಾಗದ ಅತ್ತೆಯೊಬ್ಬರೇ ನಿಂತಿದ್ದರು, ಯಾರ ಆಸರೆಯೂ ಇಲ್ಲದೆ. ಸೆರಗಿನ ತುದಿಯವರೆಗೂ ನಡುಕ. "ಕರ್ಕೊಂಡು ಬಂದೆಯಲ್ಲಪ್ಪಾ" ಎಂದರು, ನಮಗಲ್ಲ. ನನ್ನ ಹೆಗಲು ಉರಿಯುತ್ತಿತ್ತು, ಸಿಟ್ಟು ಹಾಗೇ ಇತ್ತು. ಆದರೂ ಅವರ ಮಾತು ಸುಳ್ಳು ಎನ್ನಲು ನನಗೆ ಬಾಯಿ ಬರಲಿಲ್ಲ.

ಇಳಿಯುವಾಗ ತಾವಾಗಿಯೇ ಜೀಪು ಹತ್ತಿದರು. "ಹತ್ತೋದಕ್ಕೆ ಮಾತಾಗಿತ್ತು, ಇಳಿಯೋದಕ್ಕೆ ಆಗಿರ್ಲಿಲ್ಲ" ಎಂದರು.

ಮರುದಿನ ನನಗೆ ಕೈ ಎತ್ತಲಾಗಲಿಲ್ಲ. ಅತ್ತೆ ಗೋಡೆ ಹಿಡಿದುಕೊಂಡು ಎಣ್ಣೆ ಬಟ್ಟಲು ತಂದರು.

"ಎಣ್ಣೆ ಯಾಕೆ? ದೇವರು ಸಾಲದಾ?" ಎಂದೆ.

"ದೇವರಿಗೆ ಎಣ್ಣೆ ಕಾಯಿಸೋ ಕೆಲಸ ಹೇಳ್ತೀಯಾ? ಸುಮ್ನೆ ಕೂತ್ಕೋ."

ತಿಕ್ಕಿದರು. ಸಾಕು ಎಂದರೂ ಬಿಡದೆ ತಿಕ್ಕಿದರು. ಮೆಲ್ಲಗೆ ಕೈ ಎತ್ತಿದೆ, ಎದ್ದಿತು.

"ದೇವರ ದಯ" ಎಂದೆ.

ಅತ್ತೆಗೆ ಸಿಟ್ಟು ಬಂತು. "ಮತ್ತೆ ಇಷ್ಟೊತ್ತು ತಿಕ್ಕಿದ್ದು ಯಾರು?" ಎಂದರು.