ಮೂರು ತಾಸಿನ ಮಸ್ಕತ್

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಗವಾಡದ ನಮ್ಮ ಪಡಸಾಲೆಯಲ್ಲಿ ಆ ಮಧ್ಯಾಹ್ನ ಅಪ್ಪ, ಅಣ್ಣ, ಅಡುಗೆಮನೆಯ ಬಾಗಿಲಿಗೆ ಆತು ಅವ್ವ, ಎರಡು ವರ್ಷದ ಮೇಲೆ ಮಸ್ಕತ್ತಿನಿಂದ ರಜೆಗೆ ಬಂದ ನಾನು, ಮತ್ತು ನಿಪ್ಪಾಣಿಯ ತಾತ್ಯಾ ಕೂಡಿದ್ದೆವು. ತಾತ್ಯಾ ಅರಬ್ ದೇಶದಲ್ಲಿ ದುಡಿಯುವ ನಮ್ಮ ಕಡೆಯ ವರಗಳ ದಲ್ಲಾಳಿ. ನನ್ನನ್ನು ಮಸ್ಕತ್ತಿಗೆ ಕೊಡಿಸಿದವನೂ ಅವನೇ. ಈಗ ತಂಗಿ ಶಾಂತಾಳಿಗೆ ಅಲ್ಲಿಯದೇ ಇನ್ನೊಂದು ವರ ತಂದಿದ್ದ.

“ಮುಂಬಯಿದಾಗ ವಿಮಾನ ಎದ್ದರ ಮೂರ ತಾಸಿನ್ಯಾಗ ಮಸ್ಕತ್‌ರಿ! ನೀವು ಅಥಣಿ ಸಂತಿ ಮಾಡ್ಕೊಂಡ ಬರೂದ್ರಾಗ ಪೋರಿ ಅಲ್ಲಿ ಚಹಾ ಕುದಿಸಿರ್ತಾಳ!” ಎಂದ ತಾತ್ಯಾ.

ಇದೇ ಮಾತಿಗೆ ಅಪ್ಪ ನನ್ನನ್ನೂ ಕೊಟ್ಟಿದ್ದ. ಮೂರು ತಾಸು ಸುಳ್ಳಲ್ಲ. ಮಿರಜದ ರೈಲಿನಲ್ಲಿ ರಾತ್ರಿಯೆಲ್ಲ ಕೂತು ಸೊಂಟ ಹಿಡಿದಿತ್ತು. ಅದರ ಮುಂದೆ ವಿಮಾನ ಕಣ್ಣು ಮುಚ್ಚಿ ತೆರೆದಂತೆ. ಇಳಿದು ನೋಡಿದರೆ, ಕಬ್ಬಿನ ಗಾಣದ ಕೊಪ್ಪರಿಗೆಯಲ್ಲಿ ಸೀದ ಬೆಲ್ಲವನ್ನು ಹೊರಗೆ ಸುರುವಿದಂಥ ಗುಡ್ಡಗಳು. ನಮ್ಮಲ್ಲಿ ಗುಡ್ಡದ ಮೇಲೆ ಕುರಿ ಮೇಯುತ್ತವೆ. ಅಲ್ಲಿ ಬಿಸಿಲೊಂದೇ ಮೇಯುತ್ತದೆ. ರೊಟ್ಟಿ ಬಡಿಯುವ ಸದ್ದಿಲ್ಲ. ಖುಬ್ಬೂಸ್ ಎಂಬ ಉಬ್ಬಿದ ಮೈದಾ ರೊಟ್ಟಿಯನ್ನು ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಾರೆ. ಆರು ತಿಂಗಳು ಅದನ್ನು ಬೈದೆ, ಆಮೇಲೆ ಅದರಲ್ಲೇ ಶೇಂಗಾ ಚಟ್ನಿ ಸುತ್ತಿ ತಿಂದೆ.

ಶುಕ್ರವಾರ ರಜೆ. ನಮ್ಮ ದೇಶದ ಗಂಡಸರು ಒಂದು ಮನೆಯಲ್ಲಿ ಸೇರಿ, ಯಾರ ಊರಿನ ವಿಮಾನ ಬೇಗ ಮುಟ್ಟುತ್ತದೆ ಎಂದು ವಾದಿಸುವರು. ಮುಂಬಯಿಯವನು ಕೇರಳದವನನ್ನು ಕಾಲು ತಾಸಿನಿಂದ ಸೋಲಿಸಿ ಮೀಸೆ ತಿರುವುವನು. ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿ, ರಜೆ ಎರಡು ವರ್ಷಕ್ಕೊಮ್ಮೆ. ಈ ಶೂರರು ನಿಮಿಷ ಎಣಿಸುತ್ತಾರೆ! ನನ್ನ ಗಂಡ ಒಳ್ಳೆಯವನು, ಆದರೆ ಅವನೂ ಎಣಿಸುತ್ತಾನೆ. ಮದುವೆಯಾದ ಮೊದಲ ನಾಗರ ಪಂಚಮಿಗೆ ತವರಿಗೆ ಕಳಿಸು ಎಂದರೆ, “ಮೂರ ತಾಸಿನ ಹಾದಿ, ಯಾವಾಗ ಬೇಕಾದ್ರೂ ಹೋದ್ರಾತು,” ಎಂದ. ಎರಡು ಪಂಚಮಿ ದಾಟಿಹೋದವು.

“ಇಕೀನ್ನ ಕೇಳ್ರಿ,” ತಾತ್ಯಾ ನನ್ನತ್ತ ಕೈ ಮಾಡಿದ. “ಮೂರ ತಾಸು ಹೌದಿಲ್ಲೋ ಯವ್ವಾ?”

“ಹೌದ್ರಿ ತಾತ್ಯಾ. ಆ ಮೂರ ತಾಸು ಕುಂಡ್ರಾಕ ಎರಡ ವರ್ಷ ಕಾದೀನಿ. ನೀವು ಒಮ್ಮೆರೆ ವಿಮಾನ ಹತ್ತೀರೇನು?”

“ನನಗ ತಲಿ ತಿರಗತೈತಿ.”

“ನಿಮ್ಮ ಮಗಳನ್ನ ಎಲ್ಲಿ ಕೊಟ್ಟೀರಿ?”

ತಾತ್ಯಾ ಕಪ್ಪಿನಿಂದ ಬಸಿಗೆ ಸುರಿದುಕೊಂಡ ಚಹಾ ಹೀರಿದ. “ನಿಪ್ಪಾಣ್ಯಾಗ.”

“ನಿಪ್ಪಾಣ್ಯಾಗ ಎಲ್ಲಿ?”

“ನಮ್ಮ ಗಲ್ಲ್ಯಾಗ. ಎದುರ ಮನಿ.”

ಅಣ್ಣನಿಗೆ ತಡೆಯಲಾಗಲಿಲ್ಲ. “ಗಲ್ಲ್ಯಾಗ ವಿಮಾನ ಇಳಿಯಾಕ ಜಾಗಾ ಐತೇನ್ರಿ?”

ಅಪ್ಪ ನಗಲಿಲ್ಲ. ತಾತ್ಯಾನ ಮುಂದಿದ್ದ ಎಲೆಅಡಿಕೆಯ ತಾಟನ್ನು ತನ್ನತ್ತ ಎಳೆದುಕೊಂಡ. ಮಾತುಕತೆ ಅಲ್ಲಿಗೆ ಮುರಿಯಿತು.

ತಾತ್ಯಾ ಹೋದ ಮೇಲೆ ಅವ್ವ ಕೇಳಿದಳು: “ಅಷ್ಟ ತ್ರಾಸ ಇದ್ದರ ನೀನೂ ಇಲ್ಲೇ ಇರಬಾರದ?”

“ನನ್ನ ಸಂಸಾರ ಅಲ್ಲೈತಿ ಬೇ,” ಎಂದೆ. ಅದೂ ನಿಜವೇ. ಮಸ್ಕತ್ತಿನ ಬಾಲ್ಕನಿಯ ಡಬ್ಬಿಯಲ್ಲಿ ನೆಟ್ಟ ಕರಿಬೇವಿಗೆ ಪಕ್ಕದ ಮನೆಯ ಮಲಯಾಳಿ ಅಕ್ಕ ನೀರು ಹಾಕಿದಳೋ ಇಲ್ಲವೋ ಎಂದು ಆಗಲೇ ಜೀವ ಹೊಯ್ದಾಡುತ್ತಿತ್ತು.

ಶಾಂತಾಳನ್ನು ಹತ್ತಿರದ ಹಾರೂಗೇರಿಗೆ ಕೊಟ್ಟರು. ಮುಂದಿನ ಬೇಸಗೆಯಲ್ಲಿ ಮದುವೆಯಾಯಿತು. ಕಂಪನಿ ನಮಗೆ ರಜೆ ಕೊಡಲಿಲ್ಲ. ಅವಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ನಾನು ಮಸ್ಕತ್ತಿನಲ್ಲಿ ಇಬ್ಬರಿಗಾಗುವಷ್ಟು ಹೋಳಿಗೆಗೆ ಕಣಕ ನಾದುತ್ತಿದ್ದೆ.