ಹರಳೆಣ್ಣೆ ಕುಡಿದ ಗ್ರಾಮಫೋನು

ಕಳೆದ ಭಾನುವಾರ ನಮ್ಮ ಭಾವನವರು ತಮ್ಮ ಹೆಂಡತಿಯ ದನಿಯನ್ನೇ ಗುರುತಿಸಲಿಲ್ಲ. ಅದೂ ಹೆಂಡತಿ ಪಕ್ಕದಲ್ಲೇ ಕೂತಿದ್ದಾಗ.

ಕೊಯಮತ್ತೂರಿನಲ್ಲಿ ನನ್ನ ಮಗ ಹೊಸ ಗ್ರಾಮಫೋನ್ ಕೊಂಡಿದ್ದಾನೆ. ಇಂಗ್ಲಿಷ್ ಮೇಕ್. ಬೆಲೆ ಕೇಳಿ "ಗುಡ್ ಗ್ರೇಷಸ್" ಅಂದೆ (ಕಾನ್ವೆಂಟಿನಲ್ಲಿ ಕಲಿತದ್ದರಲ್ಲಿ ಉಳಿದಿರುವುದು ಇಷ್ಟೇ).

"ಬೆಲೆ ಮೋಟಾರಿಗೆ ಅಮ್ಮಾ. ತಟ್ಟೆ ಕೊನೇ ತನಕ ಒಂದೇ ಸ್ಪೀಡಲ್ಲಿ ತಿರುಗ್ತದೆ" ಎಂದ.

ತಿರುಗುವುದಕ್ಕೆ ಇಷ್ಟು ದುಡ್ಡೇ? ನಮ್ಮ ಹಳೆಯದೂ ತಿರುಗುತ್ತಿತ್ತಲ್ಲ?

ತಿರುಗುತ್ತಿತ್ತು, ತನಗೆ ತೋಚಿದಂತೆ. ನಮ್ಮದು ನೇಯ್ಗೆಯವರ ಮನೆ. ಮಗ್ಗ ಕಿರುಗುಟ್ಟಿದರೆ ಹರಳೆಣ್ಣೆ, ಬಾಗಿಲು ಕಿರುಗುಟ್ಟಿದರೆ ಹರಳೆಣ್ಣೆ. ನಮ್ಮ ಯಜಮಾನರು ಗ್ರಾಮಫೋನಿಗೂ ಅದನ್ನೇ ಹುಯ್ದರು. ಎಣ್ಣೆ ಒಳಗೆ ಅಂಟಾಗಿ, ತಟ್ಟೆ ಗಾಣದ ಎತ್ತಿನಂತೆ ಸುತ್ತತೊಡಗಿತು.

ನನ್ನ ಅಕ್ಕನ ಒಂದೇ ಒಂದು ರೆಕಾರ್ಡನ್ನು ಮನೆಯವರೆಲ್ಲ ಕೂತು ಕೇಳಿದ್ದು ಅದರಲ್ಲೇ. ಪ್ರಾಯದಲ್ಲಿ ಅವಳು ಮದರಾಸಿಗೆ ಹೋಗಿ ಹಾಡಿ ಬಂದಿದ್ದ ದೇವಿಸ್ತುತಿ. ತಟ್ಟೆ ನಿಧಾನವಾಗಿ ದನಿ ದಪ್ಪ, ಎಳೆದೆಳೆದು. ಭಾವ ನಕ್ಕರು: "ಪಾಟಾ ಇದು, ಒಪ್ಪಾರಿಯಾ?" (ಪಾಟು ಎಂದರೆ ತಮಿಳಿನಲ್ಲಿ ಹಾಡು; ಒಪ್ಪಾರಿ ಎಂದರೆ ಹೆಣದ ಮುಂದೆ ಅಳುತ್ತ ಹಾಡುವ ಹಾಡು.) ಮನೆಯೆಲ್ಲ ನಕ್ಕಿತು. ಅಂದಿನಿಂದ ಅಕ್ಕ ಹಾಡಲಿಲ್ಲ. ಜೋಗುಳ ಕೂಡ.

ಭಾನುವಾರ ಇಬ್ಬರೂ ಮೆಟ್ಟುಪಾಳ್ಯದಿಂದ ಬಂದಿದ್ದರು. ಮಗ ಹೊಸ ಪೆಟ್ಟಿಗೆಗೆ ಅದೇ ರೆಕಾರ್ಡ್ ಹಾಕಿದ. ತೆಳು ದನಿ, ಚುರುಕು ನಡೆ. ಭಾವ ತೊಡೆಯ ಮೇಲೆ ತಾಳ ಹಾಕತೊಡಗಿದರು.

"ಯಾರ್ದಪ್ಪಾ ಈ ಕೊರಲು? ತೇನು ಹಂಗಿದೆಯಲ್ಲಾ." (ಕೊರಲು ಎಂದರೆ ದನಿ, ತೇನು ಎಂದರೆ ಜೇನು.)

ಅಕ್ಕ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದಳು: "ನಿಮ್ಮ ಒಪ್ಪಾರಿ."

ಭಾವ ತಾಳ ಬಿಟ್ಟು ಕಾಫಿ ಕೇಳಿದರು.

ಗೊಂದಲವಾದದ್ದು ನನಗೆ. ಹೊಸ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಲಿವರ್ ಇದೆ. ಒಂದು ಕಡೆ 'ಫಾಸ್ಟ್', ಇನ್ನೊಂದು ಕಡೆ 'ಸ್ಲೋ'. ಅದು ಫಾಸ್ಟ್ ಕಡೆಗೆ ಕೊಂಚ ವಾಲಿದಂತಿತ್ತು. ವಾಲಿತ್ತೋ, ನನ್ನ ಕನ್ನಡಕವೋ? ಹಳೆಯದು ಸುಳ್ಳಾಡಿತು ಎಂದ ಮಾತ್ರಕ್ಕೆ ಹೊಸದು ಹೇಳುವುದೆಲ್ಲ ನಿಜವೇ? ಅಕ್ಕ ನಿಜವಾಗಿ ಹೇಗೆ ಹಾಡುತ್ತಿದ್ದಳು? ನೆನಪಿಸಿಕೊಳ್ಳಲು ಹೋದರೆ ಕಿವಿಯಲ್ಲಿ ಆ ಹರಳೆಣ್ಣೆಯ ದನಿಯೇ.

ಅವಳನ್ನೇ ಕೇಳಿದೆ. "ನಂಗೇನು ಗೊತ್ತಮ್ಮಾ? ಹಾಡ್ದೋಳು ನಾನು, ಕೇಳ್ದೋರು ನೀವು" ಅಂದಳು.

ಪರೀಕ್ಷೆ ಸುಲಭ ಎನ್ನುತ್ತಾನೆ ಮಗ. ರೆಕಾರ್ಡಿನ ಅಡಿ ಚೀಟಿ ಸಿಕ್ಕಿಸಿ, ಗಡಿಯಾರ ನೋಡುತ್ತ ಸುತ್ತು ಎಣಿಸುವುದು. ನಿಮಿಷಕ್ಕೆ ಎಪ್ಪತ್ತೆಂಟು ಬಂದರೆ ಪೆಟ್ಟಿಗೆ ಸರಿ. ಚೀಟಿ ಕತ್ತರಿಸಿಟ್ಟಿದ್ದೇನೆ. ಗಡಿಯಾರ ಕೈಯಲ್ಲೇ ಇದೆ.

ಅಕ್ಕ ಇನ್ನೂ ಊರಿಗೆ ಹೊರಟಿಲ್ಲ. ಒಳಗೆ ಅಕ್ಕಿ ಆರಿಸುತ್ತ ಹಾಡುತ್ತಿದ್ದಾಳೆ.

ನೀವೇ ಹೇಳಿ, ಎಣಿಸಲೇ?